ಬೀಬರ್‌ನ ಯುದ್ಧದಲ್ಲಿ ಗೆದ್ದವರು ಯಾರು?

ನಮಸ್ಕಾರ. ಇವತ್ತು ನಾನು ಸ್ವಲ್ಪ ಜಗಳ ಆಡೋ ಮೂಡ್‌ನಲ್ಲಿದ್ದೇನೆ. ಜಗಳಕ್ಕೆ ಕಾರಣ, ಹೈನ್ರಿಖ್ ಬೀಬರ್ 1673ರಲ್ಲಿ ಬರೆದ ‘ಬಟಾಲಿಯಾ’, ಅಂದರೆ ಕದನ.

ಸುಮಾರು ಹತ್ತು ನಿಮಿಷದ ವಾದ್ಯಸಂಗೀತದ ಕೃತಿ. ವಿಷಯ ಯುದ್ಧ. ಆದರೆ ನಗಾರಿ ಇಲ್ಲ, ತುತ್ತೂರಿ ಇಲ್ಲ. ಇರುವುದು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಯೋಲಾ, ವಯೋಲೋನೆ ಅನ್ನೋ ದಪ್ಪ ದನಿಯ ದೊಡ್ಡ ತಂತಿವಾದ್ಯ, ಜೊತೆಗೊಂದು ಹಾರ್ಪ್ಸಿಕಾರ್ಡ್, ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ. ಬೀಬರ್ ಆಗ ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಆಸ್ಥಾನದಲ್ಲಿದ್ದ, ಮಹಾ ಪಿಟೀಲುಗಾರ.

ಈ ಕೃತಿಯ ಮಾತು ಬಂದರೆ ಎಲ್ಲರೂ ಹೇಳುವುದು ಎರಡನೇ ಭಾಗದ ಕಥೆ. ಕುಡಿದ ಸೈನಿಕರು ಸೇರಿದ್ದಾರೆ. ಎಂಟು ಹಾಡುಗಳು ಒಟ್ಟಿಗೇ ಓಡುತ್ತವೆ, ಒಂದಕ್ಕೊಂದು ಶ್ರುತಿ ಸೇರುವುದಿಲ್ಲ. ನುಡಿಸುವವರೇ ತಪ್ಪಿದರೇನೋ ಅನ್ನಿಸುತ್ತದೆ. ಹಾಗೆ ಅನ್ನಿಸಬಾರದು ಅಂತಲೋ ಏನೋ, ಹಸ್ತಪ್ರತಿಯಲ್ಲೇ ಲ್ಯಾಟಿನ್‌ನಲ್ಲಿ ಒಂದು ಟಿಪ್ಪಣಿ ಇದೆ. ಇಲ್ಲಿ ಎಲ್ಲೆಲ್ಲೂ ಅಪಸ್ವರವೇ, ಕುಡುಕರು ತಮ್ಮ ತಮ್ಮ ಹಾಡನ್ನು ಅರಚೋದೇ ಹೀಗೆ, ಅಂತ!

ಆಮೇಲೆ ಚಮತ್ಕಾರಗಳ ಸಾಲು. ವಯೋಲೋನೆಯ ತಂತಿಗೆ ಕಾಗದ ಸಿಕ್ಕಿಸಿ ನುಡಿಸಿದರೆ ಸೈನ್ಯದ ಡೋಲಿನ ಗರಗರ ಸದ್ದು. ಅದರ ಮೇಲೆ ಒಂಟಿ ಪಿಟೀಲು, ಕೊಳಲಿನ ಥರ. ತೋಪು ಹಾರಬೇಕಾದರೆ ತಂತಿಯನ್ನು ಜಗ್ಗಿ ಬಿಡಬೇಕು, ಅದು ಫಟ್ ಅಂತ ಮರಕ್ಕೆ ಬಡಿಯಬೇಕು. ಈ ಮೀಟಿಗೆ ಇವತ್ತು ಹಂಗೇರಿಯ ಸಂಗೀತಗಾರ ಬಾರ್ಟೋಕ್‌ನ ಹೆಸರಿದೆ. ಅವನು ಹುಟ್ಟಿದ್ದು 1881ರಲ್ಲಿ. ಹಾಗಾಗಿ ಬೀಬರ್ ಇಪ್ಪತ್ತನೇ ಶತಮಾನವನ್ನು ಆಗಲೇ ಕಂಡಿದ್ದ ಅಂತ ಹೊಗಳಿಕೆ.

ನನಗೆ ಈ ಹೊಗಳಿಕೆ ಹಿಡಿಸುವುದಿಲ್ಲ. ಅವನ ಕಣ್ಣು ಇದ್ದದ್ದು ತನ್ನ ಕಾಲದ ಮೇಲೆ. ಹುಟ್ಟಿದ್ದು ಇಂದಿನ ಚೆಕ್ ದೇಶದ ಬೊಹೀಮಿಯಾದಲ್ಲಿ, ಯೂರೋಪಿನ ‘ಮೂವತ್ತು ವರ್ಷಗಳ ಯುದ್ಧ’ ಶುರುವಾದ ನಾಡಿನಲ್ಲಿ. 1648ರಲ್ಲಿ ಆ ಯುದ್ಧ ಮುಗಿದಾಗ ಅವನಿಗೆ ನಾಲ್ಕು ವರ್ಷ. ಸೈನಿಕರ ಕಥೆ ಕೇಳಿಯೇ ಬೆಳೆದಿರಬೇಕು, ಅಲ್ವಾ?

ಭಾಗಗಳ ಕ್ರಮ ನೋಡಿ. ಕುಡಿತ, ಕವಾಯತು, ಆರಿಯಾ ಅನ್ನೋ ಮೆಲ್ಲನೆಯ, ಹಾಡಿನಂಥ ಒಂದು ಭಾಗ, ಆಮೇಲೆ ಕದನ. ಹೆಸರಿಗೆ ಇಡೀ ಕೃತಿಯೇ ಕದನ. ಆದರೆ ನಿಜವಾದ ಹೊಡೆದಾಟ ಸಾಮಾನ್ಯವಾಗಿ ಒಂದು ನಿಮಿಷವೂ ಇರುವುದಿಲ್ಲ. ಬೇರೆಯವರ ಯುದ್ಧ ಸಂಗೀತ ಹೆಚ್ಚಾಗಿ ಮುಗಿಯುವುದು ಜಯಘೋಷದಲ್ಲಿ. ಬೀಬರ್‌ಗಿಂತ ಮುಂಚೆ ಫ್ರಾನ್ಸಿನ ಸಂಗೀತಗಾರ ಜಾನೆಕಾಂ ಹಾಗೆ ಮಾಡಿದ, 1813ರಲ್ಲಿ ಬೀಥೋವನ್ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಗೆಲುವಿಗೆ ಅದನ್ನೇ ಮಾಡಿದ. ಬೀಬರ್‌ನಲ್ಲಿ ಕೊನೆಗೆ ಉಳಿಯುವುದು ಗಾಯಗೊಂಡ ಬಂದೂಕುಧಾರಿಗಳ ಅಳಲು. ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತವೆ. ಯಾವ ರಾಜ ಗೆದ್ದ? ಹೇಳುವುದೇ ಇಲ್ಲ.

ಮೊದಲು ಎಂಟು ಹಾಡು ಅರಚಿದವರೇ ಈಗ ನೆಲದ ಮೇಲೆ ಬಿದ್ದಿದ್ದಾರೆ. ಅವರನ್ನು ನೋಡಿ ನಕ್ಕಿದ್ದರಿಂದಲೇ ಈ ಅಳಲು ನಮಗೆ ನಾಟುವುದು.

ಆದರೆ ಕೆಲವು ತಂಡಗಳು ಏನು ಮಾಡುತ್ತವೆ? ಕುಡುಕರ ಭಾಗದಲ್ಲಿ ವೇದಿಕೆ ಮೇಲೆ ತೂರಾಡುತ್ತವೆ, ಕಾಲು ಕುಟ್ಟುತ್ತವೆ, ಬೇಕಂತಲೇ ಕೆಟ್ಟದಾಗಿ ನುಡಿಸುತ್ತವೆ. ಅದೂ ಸಾಲದು ಅಂತ ವಿಡಿಯೋ ತುಣುಕು ಮಾಡುವವರು ಅಷ್ಟನ್ನೇ ಕತ್ತರಿಸಿ ಹಾಕುತ್ತಾರೆ. ಎಂಟು ಹಾಡುಗಳನ್ನೂ ನೆಟ್ಟಗೆ ನುಡಿಸಿ ಸ್ವಾಮಿ. ಅಪಸ್ವರವನ್ನು ಬೀಬರ್ ಆಗಲೇ ಬರೆದಿಟ್ಟಿದ್ದಾನೆ, ನೀವು ಜಾಸ್ತಿ ಸೇರಿಸುವುದೇನೂ ಬೇಡ.