ಸೇನೆಗೆ ಹೊಸ ವಸ್ತು ಮಾಡಲು ಸರ್ಕಾರದ ಗ್ರಾಂಟ್: ಸಣ್ಣ ಕಂಪನಿ ಅರ್ಜಿ ಹಾಕೋದು ಹೇಗೆ?

[ದೃಶ್ಯ: ಪರದೆ ಮೇಲೆ ಒಂದರ ಹಿಂದೆ ಒಂದು ಅಂಕಿ: 1.5 ಕೋಟಿ, 10 ಕೋಟಿ, 25 ಕೋಟಿ]

ಸಣ್ಣ ಕಂಪನಿಗಳಿಗೆ ರಕ್ಷಣಾ ಸಚಿವಾಲಯ ಕೊಡುವ ಗ್ರಾಂಟ್ ವಿಷಯ ಬಂದಾಗಲೆಲ್ಲ ಈ ಮೂರು ಅಂಕಿ ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಮೂರೂ ನಿಜ. ಆದರೆ ಅದರ ಜೊತೆಗಿರುವ ಇನ್ನೊಂದು ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಷ್ಟೇ ದುಡ್ಡು ನೀವೂ ಹಾಕಬೇಕು.

ನಮಸ್ಕಾರ. ಇವತ್ತು ಐಡೆಕ್ಸ್ ಬಗ್ಗೆ ಮಾತಾಡೋಣ, ಈ ಗ್ರಾಂಟ್ ಕೊಡುವ ರಕ್ಷಣಾ ಸಚಿವಾಲಯದ ಯೋಜನೆ ಇದೇ. ಕೊನೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಟಿಡಿಎಫ್ ಅನ್ನುವ ಇನ್ನೊಂದು ಯೋಜನೆ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ನಿಮ್ಮದು ಪೀಣ್ಯದಲ್ಲಿ ಒಂದು ಮಷಿನ್ ಶಾಪ್ ಇರಬಹುದು, ಬೆಳಗಾವಿಯಲ್ಲಿ ಹೈಡ್ರಾಲಿಕ್ಸ್ ಯೂನಿಟ್ ಇರಬಹುದು, ಅಥವಾ ನಾಲ್ಕೇ ಜನರ ಸಾಫ್ಟ್‌ವೇರ್ ಕಂಪನಿ ಇರಬಹುದು. ಮೂವರಿಗೂ ಇದು ಅನ್ವಯಿಸುತ್ತದೆ.

[ದೃಶ್ಯ: ಬೆಂಗಳೂರಿನ ನಕ್ಷೆ. ಎಚ್‌ಎಎಲ್ ಮತ್ತು ಬಿಇಎಲ್ ಇರುವ ಜಾಗಗಳಲ್ಲಿ ಗುರುತು]

ಐಡೆಕ್ಸ್ ಶುರುವಾಗಿದ್ದು 2018ರ ಏಪ್ರಿಲ್‌ನಲ್ಲಿ, ಚೆನ್ನೈನಲ್ಲಿ ನಡೆದ ಡೆಫ್‌ಎಕ್ಸ್‌ಪೋ ರಕ್ಷಣಾ ಪ್ರದರ್ಶನದಲ್ಲಿ. ಇದನ್ನು ನಡೆಸುವುದು ಡಿಫೆನ್ಸ್ ಇನ್ನೋವೇಷನ್ ಆರ್ಗನೈಸೇಷನ್, ಅಂದರೆ ಡಿಐಒ. ಲಾಭಕ್ಕಾಗಿ ನಡೆಯದ ಕಂಪನಿ ಇದು. ಇದನ್ನು ಹುಟ್ಟುಹಾಕಿದ್ದು ಎಚ್‌ಎಎಲ್ ಮತ್ತು ಬಿಇಎಲ್, ಎರಡೂ ನಮ್ಮ ಬೆಂಗಳೂರಿನವೇ. ಮೊದಲ ಸ್ಟಾರ್ಟ್‌ಅಪ್ ಚಾಲೆಂಜ್ ಘೋಷಣೆಯಾಗಿದ್ದೂ ಬೆಂಗಳೂರಿನಲ್ಲೇ, 2018ರ ಆಗಸ್ಟ್‌ನಲ್ಲಿ. ಆಗ ರಕ್ಷಣಾ ಸಚಿವೆಯಾಗಿದ್ದವರು ನಿರ್ಮಲಾ ಸೀತಾರಾಮನ್. 11 ಸಮಸ್ಯೆಗಳನ್ನು ಮುಂದಿಟ್ಟು, ಬಿಡಿಸಿ ನೋಡೋಣ ಅಂದರು.

ಈ "ಸಮಸ್ಯೆ" ಅನ್ನುವುದರ ಮೇಲೆ ಸ್ವಲ್ಪ ನಿಲ್ಲೋಣ, ಜಾಸ್ತಿ ಜನ ತಪ್ಪುವುದು ಇಲ್ಲೇ. "ನನ್ನ ಹತ್ತಿರ ಒಳ್ಳೆ ಐಡಿಯಾ ಇದೆ, ದುಡ್ಡು ಕೊಡಿ" ಅಂತ ಕೇಳುವ ಜಾಗ ಇದಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ, ಕೋಸ್ಟ್ ಗಾರ್ಡ್ ತಮಗೆ ಏನು ಬೇಕು ಅಂತ ಪಟ್ಟಿ ಕೊಡುತ್ತವೆ. ಇಂಥ ಡ್ರೋನ್ ಬೇಕು, ಇಂಥ ಸೆನ್ಸರ್ ಬೇಕು, ಇಷ್ಟು ತೂಕ ದಾಟಬಾರದು, ಇಷ್ಟು ಹೊತ್ತು ಓಡಬೇಕು. ಪ್ರತಿಯೊಂದಕ್ಕೂ ಆಯಾ ಪಡೆಯ ಕಡೆಯಿಂದ ಒಬ್ಬ ನೋಡಲ್ ಆಫೀಸರ್, ಅಂದರೆ ಆ ಕೆಲಸದ ಹೊಣೆ ಹೊತ್ತ ಅಧಿಕಾರಿ ಇರುತ್ತಾರೆ. ನೀವು ಆ ಪಟ್ಟಿಯಲ್ಲಿ ನಿಮ್ಮ ಕೈಲಾಗುವ ಒಂದನ್ನು ಆರಿಸಿಕೊಂಡು, "ಇದನ್ನು ನಾನು ಹೀಗೆ ಮಾಡ್ತೀನಿ" ಅಂತ ಬರೆಯಬೇಕು. ಪಟ್ಟಿಯಲ್ಲಿ ಇಲ್ಲದ ಐಡಿಯಾಗೆ ಓಪನ್ ಚಾಲೆಂಜ್ ಅಂತ ಬೇರೆ ಬಾಗಿಲಿದೆ. ಆದರೆ ಅಲ್ಲಿ ನಿಮ್ಮ ವಸ್ತು ಸೇನೆಗೆ ಯಾಕೆ ಬೇಕು ಅನ್ನುವುದನ್ನೂ ನೀವೇ ಮನವರಿಕೆ ಮಾಡಿಕೊಡಬೇಕು. ಅದು ಕಷ್ಟ. ಮೊದಲ ಸಲ ಹೋಗುವವರಿಗೆ ನಾನು ಪಟ್ಟಿಯ ದಾರಿಯನ್ನೇ ಹೇಳುವುದು.

[ದೃಶ್ಯ: ಪರದೆ ಮೇಲೆ ಮೂರು ಸಾಲು]

ಗ್ರಾಂಟ್ ಮೂರು ಅಳತೆಯಲ್ಲಿದೆ. ಮಾಮೂಲಿ ಐಡೆಕ್ಸ್ ಗ್ರಾಂಟ್ ಗರಿಷ್ಠ 1.5 ಕೋಟಿ. 2022ರಲ್ಲಿ ಬಂದ ಐಡೆಕ್ಸ್ ಪ್ರೈಮ್ ಗರಿಷ್ಠ 10 ಕೋಟಿ. 2024ರ ಮಾರ್ಚ್‌ನಲ್ಲಿ ಶುರುವಾದ ಅದಿತಿ ಗರಿಷ್ಠ 25 ಕೋಟಿ. ಇದು ಉಪಗ್ರಹ, ಕ್ವಾಂಟಮ್, ಎಐ, ನೀರಿನಡಿಯ ಕಣ್ಗಾವಲು ಇಂಥ ದೊಡ್ಡ ವಿಷಯಗಳಿಗೆ. ಮೂರರಲ್ಲೂ ಸರ್ಕಾರ ಕೊಡುವುದು ಅಭಿವೃದ್ಧಿ ಖರ್ಚಿನ ಅರ್ಧದವರೆಗೆ ಮಾತ್ರ. ಇನ್ನೊಂದು ಮಾತು. ಐಡೆಕ್ಸ್‌ನ 498.78 ಕೋಟಿ, ಅದಿತಿಯ 750 ಕೋಟಿ, ಎರಡೂ ಮಂಜೂರಾಗಿದ್ದು 2025-26ರವರೆಗಿನ ಅವಧಿಗೆ. ಹಾಗಾಗಿ ನೀವು ಈ ವಿಡಿಯೋ ನೋಡುವ ಹೊತ್ತಿಗೆ ಯಾವ ಸುತ್ತು ತೆರೆದಿದೆ, ಅದರ ಮಿತಿ ಎಷ್ಟು ಅಂತ ಐಡೆಕ್ಸ್‌ನ ಸರ್ಕಾರಿ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ. ಹಳೇ ಪಿಡಿಎಫ್ ನಂಬಬೇಡಿ, ನನ್ನನ್ನೂ ನಂಬಬೇಡಿ.

ಯಾರು ಅರ್ಜಿ ಹಾಕಬಹುದು? ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ಮಾನ್ಯತೆ ಇರುವ ಸ್ಟಾರ್ಟ್‌ಅಪ್‌ಗಳು, ಕಂಪನಿ ಕಾಯ್ದೆಯಡಿ ನೋಂದಣಿಯಾದ ಭಾರತೀಯ ಕಂಪನಿಗಳು, ಅದರಲ್ಲೂ ಮುಖ್ಯವಾಗಿ ಎಂಎಸ್‌ಎಂಇಗಳು, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳು, ಮತ್ತೆ ಒಂಟಿಯಾಗಿ ಕೆಲಸ ಮಾಡುವ ಸಂಶೋಧಕರು. ಎಂಎಸ್‌ಎಂಇ ಅಂದಾಗ "ನಾವು ದೊಡ್ಡವರಾಗಿಬಿಟ್ವಿ, ನಮಗೆ ಸಿಗಲ್ಲ" ಅನ್ನುವವರು ಇದ್ದಾರೆ. 2025ರ ಏಪ್ರಿಲ್‌ನಿಂದ ಮಿತಿ ಏರಿದೆ. ಯಂತ್ರ-ಸಲಕರಣೆಯಲ್ಲಿ 125 ಕೋಟಿವರೆಗೆ ಹೂಡಿಕೆ, 500 ಕೋಟಿವರೆಗೆ ವಹಿವಾಟು ಇದ್ದರೂ ನೀವು ಮಧ್ಯಮ ಉದ್ಯಮವೇ. ಎಂಎಸ್‌ಎಂಇ ಅಂತ ಗುರುತು ಕೊಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ. ಅದಕ್ಕೆ ಯಾರಿಗೋ ಎರಡು ಸಾವಿರ ಕೊಟ್ಟಿದ್ದರೆ ಆ ದುಡ್ಡು ಸುಮ್ನೆ ಹೋಯಿತು.

ಪೀಣ್ಯದ ಎಷ್ಟೋ ಶೆಡ್‌ಗಳು ಇನ್ನೂ ಪ್ರೊಪ್ರೈಟರ್‌ಶಿಪ್‌ನಲ್ಲೇ, ಅಂದರೆ ಕಂಪನಿ ಮಾಡದೆ ಒಬ್ಬರೇ ಮಾಲೀಕರ ಹೆಸರಲ್ಲೇ ನಡೆಯುತ್ತಿವೆ, ಅಲ್ವಾ? ನಿಮ್ಮದೂ ಹಾಗಿದ್ದರೆ ಯಾವ ಸಾಲಿನಲ್ಲಿ ಬರುತ್ತೀರಿ ಅಂತ ಮೊದಲೇ ಕೇಳಿ. ಕೇಳುವುದು ಎಲ್ಲಿ? ಐಡೆಕ್ಸ್‌ಗೆ ಪಾರ್ಟ್ನರ್ ಇನ್‌ಕ್ಯುಬೇಟರ್‌ಗಳಿವೆ, ಅಂದರೆ ಹೊಸ ಕಂಪನಿಗಳಿಗೆ ಕೈಹಿಡಿದು ನಡೆಸುವ ಕೇಂದ್ರಗಳು. ಐಐಟಿ ಮದ್ರಾಸ್, ಹೈದರಾಬಾದಿನ ಟಿ-ಹಬ್ ಇಂಥವು. ಪಟ್ಟಿ ವೆಬ್‌ಸೈಟ್‌ನಲ್ಲಿದೆ. ಅರ್ಜಿ ಬರೆಯುವ ಮೊದಲು ಅವರ ಜೊತೆ ಒಂದು ಗಂಟೆ ಮಾತಾಡಿದರೆ ಎಷ್ಟೋ ತಲೆನೋವು ತಪ್ಪುತ್ತದೆ.

[ದೃಶ್ಯ: ಖಾಲಿ ಬಿಳಿ ಹಾಳೆ, ಪೆನ್ನಿನಲ್ಲಿ ಲೆಕ್ಕ ಬರೆಯುವ ಕೈ]

ಈಗ ಲೆಕ್ಕಕ್ಕೆ ಬರೋಣ. ಸುಮ್ನೆ ಒಂದು ಉದಾಹರಣೆ. ಹಿಮದ ಜಾಗದಲ್ಲಿ ಸೈನಿಕರ ರೇಡಿಯೋ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಒಂದು ಪೆಟ್ಟಿಗೆ ಬೇಕು ಅಂತಿಟ್ಟುಕೊಳ್ಳಿ. ಡಿಸೈನ್, ಮಾದರಿ, ಪರೀಕ್ಷೆ ಎಲ್ಲ ಸೇರಿ 2 ಕೋಟಿ ಆಗುತ್ತದೆ. ಸರ್ಕಾರದಿಂದ 1 ಕೋಟಿ, ನಿಮ್ಮದು 1 ಕೋಟಿ. ಆ ಸರ್ಕಾರದ 1 ಕೋಟಿಯೂ ಒಟ್ಟಿಗೆ ಬರುವುದಿಲ್ಲ. ಮೈಲಿಗಲ್ಲಿನ ಪ್ರಕಾರ ಕಂತಿನಲ್ಲಿ ಬರುತ್ತದೆ. ಡಿಸೈನ್ ಒಪ್ಪಿಗೆಯಾದರೆ ಒಂದು ಕಂತು, ಮೊದಲ ಮಾದರಿ ಓಡಿದರೆ ಇನ್ನೊಂದು, ಹೀಗೆ.

ಒಂದು ಮೈಲಿಗಲ್ಲು ಮುಗಿದಿದೆ, ಆದರೆ ಅದನ್ನು ಯಾರೋ ಬಂದು ನೋಡಬೇಕು, ವರದಿ ಬರೆಯಬೇಕು, ಬಿಲ್ ಪಾಸಾಗಬೇಕು. ಮೂರು ತಿಂಗಳು ಹಿಡಿಯಿತು ಅನ್ನಿ. ಆರು ಎಂಜಿನಿಯರ್‌ಗಳು, ತಲೆಗೆ 60 ಸಾವಿರ ಸಂಬಳ. ತಿಂಗಳಿಗೆ 3.6 ಲಕ್ಷ, ಮೂರು ತಿಂಗಳಿಗೆ 10.8 ಲಕ್ಷ. ಬಾಡಿಗೆ, ಕರೆಂಟು, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡುವವರಿಗೆ ಅಡ್ವಾನ್ಸ್ ಬೇರೆ. ಈ ದುಡ್ಡು ಎಲ್ಲಿಂದ ಬರುತ್ತದೆ ಅಂತ ಅರ್ಜಿ ಹಾಕುವ ಮೊದಲೇ ಗೊತ್ತಿರಬೇಕು. ಬ್ಯಾಂಕಿನ ಓವರ್‌ಡ್ರಾಫ್ಟೋ, ನಡೆಯುತ್ತಿರುವ ಇನ್ನೊಂದು ಕೆಲಸದ ಲಾಭವೋ, ಹೂಡಿಕೆದಾರರೋ, ಏನಾದರೂ ಒಂದು. ನಿಮ್ಮ ಪಾಲಿನ ಅರ್ಧದಲ್ಲಿ ಏನೇನು ಲೆಕ್ಕಕ್ಕೆ ಬರುತ್ತದೆ, ಮೊದಲ ಕಂತು ಯಾವಾಗ, ಒಟ್ಟು ಎಷ್ಟು ಕಂತು, ಇವೆಲ್ಲ ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಕೂತು ಮಾತಾಡುವ ವಿಷಯಗಳು. ಸಹಿ ಆದ ಮೇಲೆ ಗೋಳಾಡಿ ಪ್ರಯೋಜನವಿಲ್ಲ.

ಮೈಲಿಗಲ್ಲನ್ನು ಬರೆಯುವ ರೀತಿಯೂ ಅಷ್ಟೇ ಮುಖ್ಯ. ಎರಡು ವಾಕ್ಯ ತೋರಿಸುತ್ತೇನೆ.

[ದೃಶ್ಯ: ಎಡಗಡೆ ಮೊದಲ ವಾಕ್ಯ, ಬಲಗಡೆ ಎರಡನೆಯದು]

ಮೊದಲನೆಯದು: "ಉತ್ತಮ ಗುಣಮಟ್ಟದ ಚಾರ್ಜರ್ ಮಾದರಿಯನ್ನು ತಯಾರಿಸಲಾಗುವುದು."

ಎರಡನೆಯದು: "ಪೆಟ್ಟಿಗೆಯನ್ನು ಮೈನಸ್ 20 ಡಿಗ್ರಿಯಲ್ಲಿ 4 ಗಂಟೆ ಇಟ್ಟ ಮೇಲೆ, ಅದೇ ಚಳಿಯಲ್ಲಿ ಎರಡು ಬ್ಯಾಟರಿಗಳನ್ನು ಒಟ್ಟಿಗೆ ಚಾರ್ಜ್ ಮಾಡಿ ತೋರಿಸಲಾಗುವುದು. ಲ್ಯಾಬ್ ವರದಿ ಲಗತ್ತಿಸಲಾಗುವುದು."

ಮೊದಲನೆಯದು ಓದೋದಕ್ಕೆ ಚೆನ್ನಾಗಿದೆ. ಆದರೆ ಉತ್ತಮ ಅಂದರೆ ಎಷ್ಟು ಉತ್ತಮ? ಅದನ್ನು ತೀರ್ಮಾನ ಮಾಡುವವರು ಯಾರು? ಆ ಒಂದು ಪದಕ್ಕೇ ನಿಮ್ಮ ಕಂತು ಆರು ತಿಂಗಳು ನಿಂತುಬಿಡಬಹುದು. ಎರಡನೆಯದರಲ್ಲಿ ವಾದಕ್ಕೇ ಜಾಗ ಇಲ್ಲ. ಆಯಿತು ಅಥವಾ ಆಗಲಿಲ್ಲ, ಎರಡೇ. ಇಂಥ ವಾಕ್ಯ ಬರೆಯುವುದು ನಿಮ್ಮನ್ನು ನೀವೇ ಕಟ್ಟಿಹಾಕಿಕೊಂಡ ಹಾಗೆ ಕಾಣುತ್ತದೆ. ನನ್ನ ಪ್ರಕಾರ ನಿಮ್ಮನ್ನು ಕಾಯುವುದೂ ಇದೇ.

ಪರೀಕ್ಷೆ ಅಂದಾಗ ಇನ್ನೊಂದು ಹೆಸರು ಗೊತ್ತಿರಲಿ: ಜೆಎಸ್‌ಎಸ್ 55555. ಸೇನೆಗೆ ಹೋಗುವ ಎಲೆಕ್ಟ್ರಾನಿಕ್ ಸಾಮಾನು ಯಾವ್ಯಾವ ಪರೀಕ್ಷೆ ತಡೆದುಕೊಳ್ಳಬೇಕು ಅಂತ ಹೇಳುವ ಕಾಗದ ಅದು. ಬಿಸಿ, ಚಳಿ, ಅದುರುವಿಕೆ, ಧೂಳು, ಜೋರು ಮಳೆ, ಉಪ್ಪು ಗಾಳಿ, ಎಲ್ಲ ಇದೆ. ಬೂಷ್ಟು ಹಿಡಿಯುತ್ತದೋ ಇಲ್ಲವೋ ಅನ್ನುವ ಪರೀಕ್ಷೆ ಕೂಡ ಇದೆ! ಸೇನೆ ಸಾಮಾನನ್ನು ಗೋದಾಮಿನಲ್ಲಿ ವರ್ಷಗಟ್ಟಲೆ ಇಡುತ್ತದೆ, ಮಳೆಕಾಡಿಗೂ ಒಯ್ಯುತ್ತದೆ. ಬೂಷ್ಟಿನ ಪರೀಕ್ಷೆ ಇರುವುದು ಅದಕ್ಕೇ. ಬೆಂಗಳೂರಿನವರಿಗೆ ಒಂದು ಅನುಕೂಲ, ಕೇಂದ್ರ ಸರ್ಕಾರದ ಇಟಿಡಿಸಿ ಪರೀಕ್ಷಾ ಕೇಂದ್ರ ಪೀಣ್ಯದಲ್ಲೇ ಇದೆ. ನಿಮಗೆ ಬೇಕಾದ ಯಾವ ಪರೀಕ್ಷೆ ಅಲ್ಲಿ ಆಗುತ್ತದೆ, ಯಾವುದಕ್ಕೆ ಹೊರಗೆ ಹೋಗಬೇಕು, ಎಷ್ಟಾಗುತ್ತದೆ ಅಂತ ಕೊಟೇಷನ್ ತಗೊಂಡು ಬಜೆಟ್‌ಗೆ ಸೇರಿಸಿ. ಅಂದಾಜಿಗೆ ಒಂದು ಅಂಕಿ ಹಾಕಬೇಡಿ. ಒಂದು ಮಾದರಿ ಪರೀಕ್ಷೆಯಲ್ಲಿ ಒಡೆದುಹೋದರೆ ಅಂತ ಇನ್ನೆರಡು ಮಾದರಿಯ ಖರ್ಚನ್ನೂ ಸೇರಿಸಿ.

ಅರ್ಜಿ ಹೋದ ಮೇಲೆ ಏನಾಗುತ್ತದೆ? ಮೊದಲು ಕಾಗದದ ಮೇಲೆ ಸೋಸುತ್ತಾರೆ. ಉಳಿದವರನ್ನು ಹೈ ಪವರ್ಡ್ ಸೆಲೆಕ್ಷನ್ ಕಮಿಟಿ ಮುಂದೆ ಕರೆಯುತ್ತಾರೆ. ಅಲ್ಲಿ ಕೂತಿರುವವರಿಗೆ ನಿಮ್ಮ ಕಂಪನಿಯ ಇತಿಹಾಸ ಬೇಡ. ತಾತ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು, ಅದೆಲ್ಲ ಬೇರೆ ಕಡೆ ಹೇಳಿ. ವಸ್ತು ಏನು, ಈಗ ಯಾವ ಹಂತದಲ್ಲಿದೆ, ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಅದಕ್ಕೆ ಏನು ಮಾಡುತ್ತೀರಿ, ಇಷ್ಟು ಸಾಕು. ಒಂದು ಒರಟು ಮಾದರಿಯಾದರೂ ಕೈಯಲ್ಲಿದ್ದರೆ ಹತ್ತು ಸ್ಲೈಡ್ ಉಳಿಯುತ್ತದೆ.

ಆಯ್ಕೆಯಾದರೆ ಒಪ್ಪಂದ. ಈ ಹಂತದಲ್ಲಿ ನೋಡಲ್ ಆಫೀಸರ್ ಜೊತೆ ಕೂತು ಕೊನೆಯ ಅಳತೆಗಳನ್ನು ಗಟ್ಟಿ ಮಾಡಿಕೊಳ್ಳುತ್ತೀರಿ. ನನ್ನ ಲೆಕ್ಕದಲ್ಲಿ ಐಡೆಕ್ಸ್‌ನಲ್ಲಿ ಸಿಗುವ ನಿಜವಾದ ಆಸ್ತಿ ಇವರೇ. 1 ಕೋಟಿಯನ್ನು ಬ್ಯಾಂಕಿನಿಂದಲೂ ತರಬಹುದು. ಆದರೆ ನಿಮ್ಮ ಪೆಟ್ಟಿಗೆಯನ್ನು ಹಿಡಿದುಕೊಂಡು, "ಈ ಲಾಕ್ ಗ್ಲೌಸ್ ಹಾಕಿದ ಕೈಯಲ್ಲಿ ತೆಗೆಯೋಕಾಗಲ್ಲ, ಬದಲಾಯಿಸಿ" ಅಂತ ಹೇಳುವ ಒಬ್ಬ ಸೇನಾಧಿಕಾರಿಯನ್ನು ಯಾವ ಬ್ಯಾಂಕೂ ಕೊಡುವುದಿಲ್ಲ.

[ದೃಶ್ಯ: ನಿರೂಪಕರು ನೇರವಾಗಿ ಕ್ಯಾಮೆರಾ ನೋಡಿ]

ಸರಿ, ವಸ್ತು ತಯಾರಾಯಿತು. ಸೇನೆ ಕೊಳ್ಳುತ್ತದಾ? ಕೊಳ್ಳಲೇಬೇಕು ಅಂತೇನಿಲ್ಲ. ಐಡೆಕ್ಸ್‌ನಲ್ಲಿ ತಯಾರಾದದ್ದನ್ನು ಖರೀದಿಸಲು 2020ರ ರಕ್ಷಣಾ ಖರೀದಿ ನಿಯಮಗಳಲ್ಲಿ ಒಂದು ದಾರಿ ಇಟ್ಟಿದ್ದಾರೆ. ಆದರೂ ಟ್ರಯಲ್ ಆಗಬೇಕು, ಮಂಜೂರಾತಿ ಆಗಬೇಕು. 2025ರ ಫೆಬ್ರವರಿ ಹೊತ್ತಿಗೆ ಐಡೆಕ್ಸ್ ಸಹಿ ಮಾಡಿದ್ದ ಒಪ್ಪಂದಗಳು 430. ಆ ವರ್ಷ ಖರೀದಿಯ ಹಂತಕ್ಕೆ ಬಂದಿದ್ದ ವಸ್ತುಗಳು ನಲವತ್ತರ ಆಸುಪಾಸು. ಉಳಿದವು ಸೋತವು ಅಂತಲ್ಲ, ತುಂಬಾ ಯೋಜನೆಗಳು ಇನ್ನೂ ನಡೆಯುತ್ತಿದ್ದವು. ಆದರೂ ಈ ಅಂತರ ತಲೆಯಲ್ಲಿರಲಿ. ಅದಕ್ಕೇ ನಾಗರಿಕ ಮಾರುಕಟ್ಟೆಯಲ್ಲೂ ಮಾರಬಹುದಾದ ವಸ್ತುವನ್ನೇ ಆರಿಸಿ ಅಂತ ನಾನು ಹೇಳುವುದು. ನಮ್ಮ ಚಾರ್ಜರ್ ಪೆಟ್ಟಿಗೆ ಟೆಲಿಕಾಂ ಟವರ್‌ನವರಿಗೂ, ಚಾರಣದವರಿಗೂ ಬೇಕಾಗಬಹುದು, ಅಲ್ವಾ?

ನಮ್ಮ ಊರಿನ ಎರಡು ಹೆಸರು ಹೇಳಿಬಿಡುತ್ತೇನೆ. ಬೆಂಗಳೂರಿನ ಕ್ಯೂನು ಲ್ಯಾಬ್ಸ್ ಐಡೆಕ್ಸ್‌ನಲ್ಲಿ ಕ್ವಾಂಟಮ್ ತಂತ್ರದ ಗುಪ್ತ ಸಂವಹನ ವ್ಯವಸ್ಥೆ ಮಾಡಿತು. ನೆಲದ ಮೇಲಿನ ಆಪ್ಟಿಕಲ್ ಫೈಬರ್‌ನಲ್ಲಿ 150 ಕಿಲೋಮೀಟರ್‌ಗಿಂತ ದೂರ, ಸಂದೇಶವನ್ನು ಗುಪ್ತವಾಗಿಡುವ ಕೀಲಿ ಕಳಿಸಿ ತೋರಿಸಿತು. 2024ರ ಜೂನ್‌ನಲ್ಲಿ ಐಡೆಕ್ಸ್‌ನ 350ನೇ ಒಪ್ಪಂದಕ್ಕೆ ಸಹಿ ಮಾಡಿದ್ದು ಬೆಂಗಳೂರಿನದೇ ಆದ ಪಿಕ್ಸೆಲ್. 150 ಕಿಲೋವರೆಗಿನ ಉಪಕರಣ ಹೊರುವ ಪುಟ್ಟ ಉಪಗ್ರಹ ಮಾಡುವ ಕೆಲಸ ಅದು.

ಈಗ ಟಿಡಿಎಫ್, ಚುಟುಕಾಗಿ. ಟೆಕ್ನಾಲಜಿ ಡೆವಲಪ್‌ಮೆಂಟ್ ಫಂಡ್. ನಡೆಸುವುದು ಡಿಆರ್‌ಡಿಒ. ಒಂದು ಯೋಜನೆಗೆ 50 ಕೋಟಿವರೆಗೆ, ಖರ್ಚಿನ ಶೇ 90ರವರೆಗೆ ಕೊಡುತ್ತಾರೆ. ನಿಮ್ಮ ಪಾಲು ಕಡಿಮೆ ಅಂತ ಕಣ್ಣರಳಿಸಬೇಡಿ, ಇಲ್ಲಿ ಷರತ್ತು ಬೇರೆ ಥರ. ಹುಟ್ಟುವ ಬೌದ್ಧಿಕ ಹಕ್ಕು ನಿಮ್ಮದೂ ಡಿಆರ್‌ಡಿಒದ್ದೂ ಜಂಟಿಯಾಗಿ ಇರುತ್ತದೆ. ಕಂಪನಿ ಭಾರತೀಯರ ಹಿಡಿತದಲ್ಲೇ ಇರಬೇಕು, ವಿದೇಶಿ ಪಾಲು ಶೇ 49 ದಾಟಬಾರದು. ಸ್ಟಾರ್ಟ್‌ಅಪ್ ಅಲ್ಲದಿದ್ದರೆ ಮೂರು ವರ್ಷ ಹಳೆಯದಾಗಿರಬೇಕು. ಪ್ರೊಪ್ರೈಟರ್‌ಶಿಪ್‌ನವರಿಗೆ ಇಲ್ಲಿ ಬಾಗಿಲು ತೆರೆದಿದೆ. ಕಾಲೇಜನ್ನೋ ಇನ್ನೊಂದು ಕಂಪನಿಯನ್ನೋ ಜೊತೆಗೆ ಸೇರಿಸಿಕೊಳ್ಳಲೂಬಹುದು. ಯಾವ ವಸ್ತು ಬೇಕು ಅನ್ನುವುದನ್ನು ಇಲ್ಲೂ ಅವರೇ ಹೇಳುತ್ತಾರೆ, ಪೋರ್ಟಲ್‌ನಲ್ಲಿ ಹಾಕುತ್ತಾರೆ. ಈಗಾಗಲೇ ಅರ್ಧ ದಾರಿ ಬಂದಿರುವ ತಂತ್ರಜ್ಞಾನ ನಿಮ್ಮದಾದರೆ, ಸ್ವಂತ ದುಡ್ಡು ಕಡಿಮೆ ಇದ್ದರೆ, ಇದನ್ನು ನೋಡಿ. ಹಕ್ಕು ಪೂರ್ತಿ ಕೈಯಲ್ಲೇ ಇರಬೇಕು ಅನ್ನುವವರು ಸಹಿ ಮಾಡುವ ಮೊದಲು ವಕೀಲರಿಗೆ ತೋರಿಸಿ. ಐಡೆಕ್ಸ್ ಒಪ್ಪಂದದ ಹಕ್ಕಿನ ಷರತ್ತನ್ನೂ ಹಾಗೇ ಓದಿಸಿ.

ಕೊನೆಯದಾಗಿ ಒಂದು ಕಿವಿಮಾತು. "ಡೆಲ್ಲಿಯಲ್ಲಿ ನಮಗೆ ಜನ ಗೊತ್ತು, ಗ್ರಾಂಟ್‌ನಲ್ಲಿ ಇಷ್ಟು ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡ್ತೀವಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಎರಡೂ ಯೋಜನೆಗಳ ಅರ್ಜಿ ಪೋರ್ಟಲ್‌ನಲ್ಲಿ ನೀವೇ ಹಾಕುವಂಥದ್ದು. ಬರೆಯಲು ಸಹಾಯ ಬೇಕಾದರೆ ಸಲಹೆಗಾರರಿಗೆ ಕೆಲಸದ ಕೂಲಿ ಕೊಡಿ, ಗ್ರಾಂಟ್‌ನ ಪಾಲಲ್ಲ.

ಮುಂದಿನ ವಿಡಿಯೋದಲ್ಲಿ ಇದೇ ಚಾರ್ಜರ್ ಪೆಟ್ಟಿಗೆಯ ಪೂರ್ತಿ ಬಜೆಟ್ ಹಾಳೆಯನ್ನು ಸಾಲು ಸಾಲಾಗಿ ತುಂಬಿ ತೋರಿಸುತ್ತೇನೆ. ನಿಮ್ಮ ಶೆಡ್‌ನಲ್ಲಿ ಏನು ತಯಾರಾಗುತ್ತದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಈಗಿನ ಪಟ್ಟಿಯಲ್ಲಿ ಅದಕ್ಕೆ ಹೊಂದುವ ಸಮಸ್ಯೆ ಇದೆಯಾ ಅಂತ ಅಲ್ಲೇ ಉತ್ತರ ಕೊಡುತ್ತೇನೆ.