ಅಮ್ಮನ ಧಾಟಿ

ಕೇಳುಗರೆಲ್ಲರಿಗೂ ನಮಸ್ಕಾರ. ನಿಮ್ಮ ಮನೆಯಲ್ಲಿ ಹಾಡುವ ಅಮ್ಮನೋ ಅಜ್ಜಿಯೋ ಇದ್ದರೆ, ಅವರ ಹಾಡಿನ ಧಾಟಿಯನ್ನು ಈಗಲೇ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ನಾನು ಹೇಳಲು ಬಂದದ್ದು ಇಷ್ಟೇ. ರೇಡಿಯೋದವರು 'ಮನೆಯೊಳಗಿನ ದೇವರ ಹಾಡುಗಳು' ಅಂತ ವಿಷಯ ಕೊಟ್ಟಿದ್ದಾರೆ. ನನಗೆ ಆ ವಿಷಯ ಅಂದರೆ ನನ್ನ ಅಮ್ಮ. ಹಾಗಾಗಿ ಅವಳ ಕಥೆ ಹೇಳುತ್ತೇನೆ, ನಡುನಡುವೆ ಇದೇ ಮಾತು ಮತ್ತೆ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮ ಸುಳ್ಯದ ಕಡೆಯವಳು. ಮದುವೆಯಾಗಿ ಭಾಗಮಂಡಲದ ಹತ್ತಿರ ನಮ್ಮ ಮನೆಗೆ ಬಂದಳು. ಸಂಗೀತ ಪಾಠ ಅಂತ ಆದದ್ದೇ ಇಲ್ಲ. ತನ್ನ ತಾಯಿ ಹಾಡಿದ್ದು ಕೇಳಿ, ಭಜನೆ ಕೇಳಿ, ರೇಡಿಯೋ ಕೇಳಿ ಕಲಿತದ್ದು. ಬೆಳಿಗ್ಗೆ ದೀಪ ಹಚ್ಚುವಾಗ ಹಾಡು, ಹಾಲು ಕರೆಯುವಾಗ ಹಾಡು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದರೆ ಅದು ವರ್ಷವಿಡೀ ದೇವರ ಕೋಣೆಯಲ್ಲಿ ಇರಬೇಕು. ಅಲ್ಲಿ ಕಾವೇರಿ ಉಕ್ಕಿ ಬರುವ ತೀರ್ಥೋದ್ಭವದ ಗಳಿಗೆ ಒಂದು ವರ್ಷ ನಡುರಾತ್ರಿ ಬಂದರೆ ಇನ್ನೊಂದು ವರ್ಷ ಮಧ್ಯಾಹ್ನ. ರಾತ್ರಿಯ ಚಳಿಯಲ್ಲಿ ಕಾಯುವಾಗ ಅಮ್ಮ ಹಾಡು ಎತ್ತಿಕೊಂಡರೆ ಗುರುತು ಪರಿಚಯ ಇಲ್ಲದ ಹೆಂಗಸರೂ ದನಿ ಸೇರಿಸುತ್ತಿದ್ದರು.

ನನ್ನ ಮಗಳು ಬೆಂಗಳೂರಿನಿಂದ ರಜೆಗೆ ಬಂದವಳು, ಅಜ್ಜಿಯ ಹಾಡು ರೆಕಾರ್ಡ್ ಮಾಡಬೇಕು ಅಂದಳು. ಅಮ್ಮನಿಗೆ ಸಡಗರವೋ ಸಡಗರ. ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದಳು. 'ಗಂಟಲು ಒಣಗುತ್ತೆ, ಒಂಚೂರು ಕಲ್ಲುಸಕ್ಕರೆ ಕೊಡು ಮಗಾ' ಅಂದಳು. ಹಾರ್ಮೋನಿಯಂ ಹೊರಗೆ ಬಂತು. ನಮ್ಮ ಮಳೆಗಾಲದ ತೇವ ಹಾರ್ಮೋನಿಯಂ ರೀಡುಗಳನ್ನು ಬಿಡುತ್ತದಾ? ಬೆರಳು ತೆಗೆದರೂ ಒಂದು ಸ್ವರ ಸುಮ್ನೆ ಕೂಗುತ್ತಲೇ ಇತ್ತು. ಅಮ್ಮ ಹಾಡಿದಳು. ಥೇಟ್ ರೇಡಿಯೋದಲ್ಲಿ ಹಾಡುವವರ ಹಾಗೆ, ಬೇಡದ ಕಡೆ ಸ್ವರ ಎಳೆದು, ನಡುಗಿಸಿ. ಮಗಳಿಗೆ ಖುಷಿ. ನಾನು ಸುಮ್ಮನಿದ್ದೆ. ಅದು ಅಮ್ಮನ ಹಾಡೇ ಆಗಿರಲಿಲ್ಲ.

ಮಾರನೇ ದಿನ ಕಣದಲ್ಲಿ ಕಾಫಿ ಒಣಗಲು ಹಾಕಿದ್ದೆವು. ಬದಿಯಲ್ಲಿ ಕೂತು ಅಮ್ಮ ಮೊರದಲ್ಲಿ ಮೆಣಸು ಕೇರುತ್ತಿದ್ದಳು, ಅದರ ಜೊತೆಗೇ ಹಾಡು. ಮಗಳು ಏನೂ ಹೇಳದೆ ಫೋನನ್ನು ಗೋಣಿಯ ಮೇಲೆ ಇಟ್ಟು ಬಂದಳು. ಆ ರೆಕಾರ್ಡಿಂಗ್ ನೀವು ಕೇಳಬೇಕು! ಒಂದು ಸಾಲು ಹಾಡು, ಆಮೇಲೆ 'ಏ, ಆ ಕೋಳಿ ಓಡಿಸೇ'. ಮತ್ತೊಂದು ಸಾಲು. ಅಷ್ಟರಲ್ಲಿ ಪಕ್ಕದ ತೋಟದವರು ಬಂದು, ಗೊಬ್ಬರದ ಲಾರಿ ಬಂತಾ ಅಂತ ಕೇಳುತ್ತಾರೆ. ಲಾರಿ, ಕೂಲಿ, ಅವರ ಸೊಸೆಯ ಬಾಣಂತನ, ಎಲ್ಲ ಮಾತಾಗುತ್ತದೆ. ಅವರು ಅತ್ತ ಹೋದದ್ದೇ ತಡ, ನಿಲ್ಲಿಸಿದ ಅಕ್ಷರದಿಂದಲೇ ಅಮ್ಮ ಹಾಡು ಎತ್ತಿಕೊಳ್ಳುತ್ತಾಳೆ.

ನಾನು ಸಂಗೀತದ ಟೀಚರ್ ಅಲ್ವಾ, ಶ್ರುತಿಪೆಟ್ಟಿಗೆ ಇಟ್ಟು ನೋಡಿದೆ. ಮಾತಿಗೆ ಮೊದಲು ಬಿಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿ; ಸಂಖ್ಯೆ ಏರಿದ ಹಾಗೆ ಶ್ರುತಿಯೂ ಏರುತ್ತದೆ. ಮಾತಾದ ಮೇಲೂ ಬಿಳಿ ನಾಲ್ಕು. ನಾನು ಚಿಕ್ಕವಳಿದ್ದಾಗ ಅವಳದು ಬಿಳಿ ಐದು. ವಯಸ್ಸಾದ ಹಾಗೆ ಹೆಂಗಸರ ಕಂಠ ತಗ್ಗುತ್ತದೆ. ಅಮ್ಮ ಯಾರೂ ಹೇಳಿಕೊಡದೆ ಶ್ರುತಿ ಇಳಿಸಿಕೊಂಡಿದ್ದಳು. ನನ್ನ ಶಿಷ್ಯರು ತಂಬೂರಿ ಆ್ಯಪ್ ಕಿವಿಗೆ ಹಚ್ಚಿಕೊಂಡೂ ಜಾರುತ್ತಾರೆ. ಹೇಳಬಾರದಿತ್ತು, ಹೇಳಿಬಿಟ್ಟೆ.

'ಹಾಡು ಪುಸ್ತಕದಲ್ಲಿ ಇದೆಯಲ್ಲ ಮೇಡಂ' ಅನ್ನುತ್ತಾರೆ. ಈ ಮಾತಿಗೆ ನನಗೆ ಸಿಟ್ಟೇ ಬರುತ್ತದೆ. ಪುಸ್ತಕದಲ್ಲಿ ಇರುವುದು ಸಾಹಿತ್ಯ. ಧಾಟಿ ಎಲ್ಲಿದೆ? ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರ ಪದಗಳು ಇವತ್ತಿಗೂ ನಮ್ಮ ಬಾಯಲ್ಲಿವೆ. ಅವರು ಹಾಡಿದ ಧಾಟಿ ಹೋಯಿತು. ಈಗ ಕಛೇರಿಯಲ್ಲಿ ನಾವು ಕೇಳುವುದು ಬಹುಪಾಲು ಆಮೇಲಿನವರು ಹೊಂದಿಸಿದ ರಾಗಗಳು. ನಮ್ಮ ಕೊಡಗಿನದೇ ನೋಡಿ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಲ್ಲಿದ್ದ ಕೊಡವ ಹಾಡುಗಳನ್ನು ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರ ಪುಣ್ಯದಿಂದ ಸಾಲುಗಳು ಉಳಿದವು. ಆದರೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರಿಂದ ಕೇಳದೆ, ಬರೀ ಪುಸ್ತಕ ನೋಡಿ ಅದನ್ನು ಹಾಡಲು ನಿಮಗೆ ಆಗುತ್ತದಾ? ಚಿಣ್ಣಪ್ಪನವರ ಕೈಯಲ್ಲಿ ಫೋನ್ ಇರಲಿಲ್ಲ. ನಿಮಗೇನಾಗಿದೆ?

ಅಮ್ಮ ಹೋದಾಗ ಬಾಯಿಗೆ ಬಿಟ್ಟದ್ದು ಅವಳೇ ತಂದಿಟ್ಟ ಕಾವೇರಿ ತೀರ್ಥ. ಹದಿಮೂರನೇ ದಿನ ಭಜನೆಯವರು ಅವಳ ಇಷ್ಟದ ಹಾಡನ್ನೇ ಹಾಡಿದರು. ಚೆನ್ನಾಗಿಯೇ ಹಾಡಿದರು, ತಪ್ಪು ಹೇಳುವುದಿಲ್ಲ. ಧಾಟಿ ಮಾತ್ರ ಯಾವುದೋ ಕ್ಯಾಸೆಟ್ಟಿನದು. ಮಗಳು ಎದ್ದು ಒಳಗೆ ಹೋದಳು. ಹುಡುಕಿದರೆ, ಅಟ್ಟದ ಮೆಟ್ಟಿಲ ಮೇಲೆ ಕೂತು ಆ ಕೋಳಿ ಓಡಿಸುವ ರೆಕಾರ್ಡಿಂಗ್ ಕೇಳುತ್ತಿದ್ದಾಳೆ.

ಗಾಜಿನ ಆಚೆಯಿಂದ ಕೈಸನ್ನೆ ಬಂತು, ಹೊತ್ತಾಯಿತಂತೆ. ಇನ್ನೂ ಬೇಕಾದಷ್ಟಿತ್ತು. ಬೇಗ ಹೇಳುತ್ತೇನೆ. ಅಜ್ಜಿಗೆ ಸೀರೆ ಉಡಿಸಿ ಕೂರಿಸಬೇಡಿ, ಕೆಲಸ ಮಾಡುವಾಗ ಹಿಡಿಯಿರಿ. ಈ ಹಾಡು ಯಾರಿಂದ ಕಲಿತದ್ದು ಅಂತ ಕೇಳಿ, ಆ ಉತ್ತರವೂ ರೆಕಾರ್ಡ್ ಆಗಲಿ. ಒಂದೇ ಫೋನಿನಲ್ಲಿ ಇಡಬೇಡಿ, ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆಲ್ಲ ಕಳಿಸಿ. ಮತ್ತೆ, ಮೇ ಮುಗಿಯುವ ಮೊದಲೇ ಮಾಡಿ. ಮಳೆ ಹಿಡಿದ ಮೇಲೆ ನಮ್ಮ ತಗಡಿನ ಮಾಡಿನ ಕೆಳಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ನಮಸ್ಕಾರ.