ಹಿತ್ತಾಳೆಯ ಗಿಡ್ಡ ತೋಪು: ಮನೆಯ ಲೇತಿನಲ್ಲಿ ಒಂದು ಮಾದರಿ

ಕೇಳುಗರಿಗೆ ನಮಸ್ಕಾರ.

ದಸರೆಯ ದಿನ ಮೈಸೂರಿನಲ್ಲಿ ಕುಶಾಲತೋಪು 21 ಸಲ ಗುಡುಗುತ್ತದೆ. ತೋಪು ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಅದೇ: ಉದ್ದನೆಯ ನಳಿಗೆ, ಎರಡು ಗಾಲಿ. ಇವತ್ತಿನ ಮಾತು ಗಾಲಿಯೂ ಇಲ್ಲದ, ಉದ್ದವೂ ಇಲ್ಲದ, ಒರಳಿನ ಹಾಗೆ ಆಕಾಶಕ್ಕೆ ಬಾಯಿ ತೆರೆದು ಕೂರುವ ಗಿಡ್ಡ ತೋಪಿನ ಬಗ್ಗೆ. ಮಾರ್ಟರ್ ಎಂಬ ಇಂಗ್ಲಿಷ್ ಪದಕ್ಕೆ ಒರಳು ಅಂತಲೇ ಅರ್ಥ. ಡಚ್ ಸೇನೆಯ ಎಂಜಿನಿಯರ್ ಮೆನ್ನೊ ವಾನ್ ಕೂಹೊರ್ನ್ 1674ರಲ್ಲಿ ಗ್ರಾವೆ ಪಟ್ಟಣದ ಮುತ್ತಿಗೆಯಲ್ಲಿ ಇದರ ಚಿಕ್ಕ ಮಾದರಿಯೊಂದನ್ನು ಬಳಕೆಗೆ ತಂದ. ಕೆಲವೇ ಆಳುಗಳು ಹೊತ್ತು ಕಂದಕದಿಂದ ಕಂದಕಕ್ಕೆ ಸಾಗಿಸಬಹುದಾದಷ್ಟು ಚಿಕ್ಕದಾಗಿತ್ತು ಅದು. ಇದೇ ಮಾದರಿಯನ್ನು ಅಮೆರಿಕದ ಸೇನೆ 1841ರಲ್ಲಿ ಕಂಚಿನಲ್ಲಿ ಎರಕ ಹೊಯ್ಯಿಸಿಕೊಂಡಿತು. ಅದರ ಬಾಯಿಯ ವ್ಯಾಸ 5.82 ಇಂಚು. ಆ ತೋಪನ್ನು ಆರನೇ ಒಂದು ಪಾಲಿಗೆ ಇಳಿಸಿ, ಚಿಕ್ಕ ಲೇತಿನಲ್ಲಿ, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರದಲ್ಲಿ, ಹಿತ್ತಾಳೆಯಲ್ಲಿ ಕಡೆಯುವುದು ಹೇಗೆ ಎಂದು ನೋಡೋಣ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು.

ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಇದು ಶೋಕೇಸಿಗೆ ಮಾಡುವ ಮಾದರಿ. ಇದರಲ್ಲಿ ಮದ್ದಿನ ಕೋಣೆ ಇಲ್ಲ, ಬತ್ತಿಯ ಕಿಂಡಿ ಇಲ್ಲ, ಬಾಯಿಯೂ 12 ಮಿಲಿಮೀಟರ್ ಆಳದ ಒಂದು ಬಟ್ಟಲು ಅಷ್ಟೆ. 1959ರ ಆಯುಧ ಕಾಯಿದೆಯ ಪ್ರಕಾರ, ಸ್ಫೋಟಕದ ಬಲದಿಂದ ಏನನ್ನಾದರೂ ಹಾರಿಸಲೆಂದು ಮಾಡಿದ ಯಾವುದೇ ಸಾಧನವೂ ಬಂದೂಕಿನ ಸಾಲಿಗೇ ಸೇರುತ್ತದೆ, ಅದು ಎಷ್ಟೇ ಚಿಕ್ಕದಿರಲಿ. ಪರವಾನಗಿ ಇಲ್ಲದೆ ಅದನ್ನು ತಯಾರಿಸುವುದು ಅಪರಾಧ. ಕಾನೂನು ಹಾಗಿರಲಿ, ಬಿರುಕು ಎಲ್ಲಿದೆ ಎಂದು ತಿಳಿಯದ ಲೋಹದೊಳಗೆ ಮದ್ದು ತುಂಬುವುದು ಕೈ, ಕಣ್ಣುಗಳನ್ನು ಪಣಕ್ಕಿಟ್ಟ ಹಾಗೆ. ಈ ಮಾದರಿಯಲ್ಲಿ ಮದ್ದಿನ ಕೋಣೆ ಇರಬೇಕಾದ ಜಾಗದಲ್ಲೇ ಒಂದು ಅಡ್ಡಗೂಟ ಹಾದುಹೋಗುತ್ತದೆ. ಆದ್ದರಿಂದ ಮುಂದೆ ಯಾರ ಕೈಗೆ ಸಿಕ್ಕರೂ ಇದು ಅಲಂಕಾರದ ವಸ್ತುವಾಗಿಯೇ ಉಳಿಯುತ್ತದೆ.

ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ, ಅಳತೆಗಳು ಬರುತ್ತವೆ. 40 ಮಿಲಿಮೀಟರ್ ವ್ಯಾಸದ ಹಿತ್ತಾಳೆ ಸರಳು, 110 ಮಿಲಿಮೀಟರ್ ಉದ್ದ. ತೂಕ ಸುಮಾರು 1.2 ಕಿಲೋ. ಕೊಳ್ಳುವಾಗ ಐಎಸ್ 319 ದರ್ಜೆಯ ಫ್ರೀ ಕಟಿಂಗ್ ಹಿತ್ತಾಳೆ ಎಂದೇ ಕೇಳಿ. ಅದರಲ್ಲಿ ಸ್ವಲ್ಪ ಸೀಸ ಇರುವುದರಿಂದ ಚೂರು ಪುಡಿಪುಡಿಯಾಗಿ ಬೀಳುತ್ತದೆ. ಬೇರೆ ಹಿತ್ತಾಳೆ ಟೂಲಿಗೆ ಉದ್ದ ಎಳೆಯಾಗಿ ಸುತ್ತಿಕೊಳ್ಳಬಹುದು. ಸೀಸ ಇರುವ ಕಾರಣಕ್ಕೇ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಇದರ ಜೊತೆಗೆ 10 ಮಿಲಿಮೀಟರಿನ ಇನ್ನೊಂದು ಹಿತ್ತಾಳೆ ಸರಳು, 58 ಮಿಲಿಮೀಟರ್ ಉದ್ದದ್ದು ಬೇಕು. ತೋಪಿನ ಎರಡೂ ಪಕ್ಕಕ್ಕೆ ಚಾಚಿ ಪೀಠದ ಮೇಲೆ ಕೂರುವ ಗೂಟ ಇದೇ. ಇದಕ್ಕೆ ಟ್ರನಿಯನ್ ಎನ್ನುತ್ತಾರೆ.

ಮೊದಲ ಕೆಲಸ ಲೇತಿನದಲ್ಲ, ಡ್ರಿಲ್ಲಿಂಗ್ ಮಷೀನಿನದು. ಹೆಚ್ಚಿನವರು ತಪ್ಪುವುದೂ ಇಲ್ಲೇ. ತೋಪನ್ನು ಪೂರ್ತಿ ಕಡೆದ ಮೇಲೆ ಟ್ರನಿಯನ್ ತೂತು ಹಾಕಲು ಹೊರಟರೆ ಗುಂಡಗಿನ ಬುಡವನ್ನು ಹಿಡಿಯಲು ಜಾಗವೇ ಇರುವುದಿಲ್ಲ. ಸರಳು ಇನ್ನೂ ಸರಳಾಗಿರುವಾಗಲೇ ತೂತು ಹಾಕಿಬಿಡಬೇಕು. ಒಂದು ತುದಿಯನ್ನು ಲೇತಿನಲ್ಲಿ ಫೇಸ್ ಮಾಡಿ, ಅಂದರೆ ಮಟ್ಟವಾಗಿ ಕಡೆಯಿರಿ. ಅದು ಬುಡ. ಅಲ್ಲಿಂದ 14 ಮಿಲಿಮೀಟರ್ ಒಳಕ್ಕೆ ಗುರುತು ಹಾಕಿ ಸರಳನ್ನು ವೀ ಬ್ಲಾಕಿನಲ್ಲಿ, ಅಂದರೆ ದುಂಡು ಸರಳು ಉರುಳದಂತೆ ಹಿಡಿಯುವ V ಆಕಾರದ ಗಾಡಿಯ ದಿಮ್ಮಿಯಲ್ಲಿ, ಬಿಗಿಯಿರಿ. ನೆತ್ತಿ ಸರಿಯಾಗಿ ಸಿಕ್ಕಿದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಬಿಟ್ ಹಿಡಿಯುವ ಡ್ರಿಲ್ ಚಕ್ಕಿಗೆ ಚೂಪು ತುದಿಯ ಕಡ್ಡಿ ಕಟ್ಟಿ, ಸರಳಿನ ಬೆನ್ನ ಮೇಲೆ ಚಿಕ್ಕ ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ಇಟ್ಟು, ಚೂಪಿನಿಂದ ಮೆಲ್ಲಗೆ ಒತ್ತಿ. ಸ್ಕೇಲ್ ಎಡಕ್ಕೆ ವಾಲಿದರೆ ಚೂಪು ನೆತ್ತಿಯಿಂದ ಎಡಕ್ಕಿದೆ, ಬಲಕ್ಕೆ ವಾಲಿದರೆ ಬಲಕ್ಕಿದೆ. ಮಟ್ಟವಾಗಿ ನಿಂತಾಗ ನಡುವಿಗೆ ಬಂದಿದೆ. ಮೊದಲು ಜಾಗ ಗುರುತಿಸುವ ಗಿಡ್ಡ ಸೆಂಟರ್ ಡ್ರಿಲ್, ಆಮೇಲೆ 9.8ರ ಬಿಟ್, ಕೊನೆಗೆ ತೂತನ್ನು ನಿಖರ ಅಳತೆಗೆ ನುಣುಪಾಗಿಸುವ 10ರ ರೀಮರ್. ತೂತು ಅರ್ಧ ಡಿಗ್ರಿ ಓರೆಯಾದರೂ 58 ಮಿಲಿಮೀಟರ್ ಉದ್ದದ ಗೂಟದ ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಮಿಲಿಮೀಟರ್ ಮೇಲೇರುತ್ತದೆ. ಪೀಠದ ಮೇಲೆ ಕೂತಾಗ ತೋಪು ಕತ್ತು ಓರೆ ಮಾಡಿದ ಹಾಗೆ ಕಾಣುತ್ತದೆ. ಆಮೇಲೆ ಅದನ್ನು ಸರಿಪಡಿಸುವ ದಾರಿಯೇ ಇಲ್ಲ.

ಮಾಮೂಲಿ ಡ್ರಿಲ್ ಬಿಟ್ ಹಿತ್ತಾಳೆಯಲ್ಲಿ ಕಚ್ಚಿಕೊಳ್ಳುತ್ತದೆ, ಸ್ಕ್ರೂ ಥರ ತಾನೇ ಒಳಕ್ಕೆ ನುಗ್ಗುತ್ತದೆ. ತೂತು ಆಚೆ ಬದಿಗೆ ಹೊರಬೀಳುವ ಕ್ಷಣದಲ್ಲಂತೂ ಕೆಲಸವನ್ನೇ ಕಿತ್ತು ತಿರುಗಿಸಿಬಿಡಬಹುದು. ಕಾರಣ, ಉಕ್ಕಿಗೆಂದು ಮಾಡಿದ ಬಿಟ್ಟಿನ ಅಲಗು ಮುಂದಕ್ಕೆ ಬಾಗಿರುತ್ತದೆ. ಸಣ್ಣ ಸಾಣೆಕಲ್ಲಿನಿಂದ ಬಿಟ್ಟಿನ ಎರಡೂ ಅಲಗಿನ ಮುಂಭಾಗವನ್ನು ಅರ್ಧ ಮಿಲಿಮೀಟರ್ ಅಗಲಕ್ಕೆ ನೆಟ್ಟಗೆ ಉಜ್ಜಿ ಚಪ್ಪಟೆ ಮಾಡಿ, ಕಚ್ಚುವುದು ನಿಲ್ಲುತ್ತದೆ. ಲೇತಿನ ಟೂಲಿಗೂ ಇದೇ ಮಾತು. ಮೇಲ್ಮೈ ಮಟ್ಟವಾಗಿರಬೇಕು, ಉಕ್ಕಿನ ಕೆಲಸದ ಟೂಲಿನ ಹಾಗೆ ಹಿಂದಕ್ಕೆ ಇಳಿಜಾರು ಇರಬಾರದು.

ಈಗ ಲೇತಿಗೆ ಬರೋಣ. ಅದಕ್ಕೆ ಮೊದಲು ಟ್ರನಿಯನ್ ತೂತಿಗೆ ಒಂದು ಹಿತ್ತಾಳೆ ತುಂಡನ್ನು ತುಂಬಿ ಅರಗು ಕಾಸಿ ಅಂಟಿಸಿ. ಚನ್ನಪಟ್ಟಣದ ಬೊಂಬೆಗೆ ಬಳಿಯುವ ಅರಗೇ ಇದಕ್ಕೂ ಆಗುತ್ತದೆ. ತೂತು ಖಾಲಿ ಬಿಟ್ಟರೆ ಟೂಲ್ ಒಂದು ಸುತ್ತಿಗೆ ಎರಡು ಸಲ ಅದರ ಅಂಚಿಗೆ ಬಡಿದು ಅಂಚು ಮಸುಕಾಗುತ್ತದೆ. ಕಡೆದು ಮುಗಿದ ಮೇಲೆ ಬಿಸಿ ಮಾಡಿದರೆ ಅರಗು ಕರಗಿ ತುಂಡು ಬಿಟ್ಟುಕೊಡುತ್ತದೆ.

ಬುಡ ಹೊರಕ್ಕೆ ಬರುವಂತೆ ಸರಳನ್ನು ಲೇತಿನ ಚಕ್ಕಿನಲ್ಲಿ, ಅಂದರೆ ಕೆಲಸವನ್ನು ಹಿಡಿದು ತಿರುಗಿಸುವ ದವಡೆಯಲ್ಲಿ, ಬಿಗಿದು, 75 ಮಿಲಿಮೀಟರ್ ಹೊರಗಿಡಿ. ಹೈಸ್ಪೀಡ್ ಉಕ್ಕಿನ ಟೂಲಾದರೆ ನಿಮಿಷಕ್ಕೆ 600 ಸುತ್ತು ಸಾಕು. ಒಟ್ಟು ಉದ್ದ 69 ಮಿಲಿಮೀಟರ್. ಬುಡದಿಂದ ಲೆಕ್ಕ ಹಾಕಿದರೆ 18 ಮಿಲಿಮೀಟರ್ ಅರ್ಧಗೋಳ, ಆಮೇಲೆ 41 ಮಿಲಿಮೀಟರ್ ಉದ್ದಕ್ಕೆ 36 ವ್ಯಾಸದ ಮೈ, 3 ಮಿಲಿಮೀಟರಿನ ದುಂಡು ಬಳೆ, ಕೊನೆಗೆ ಬಾಯಿಯ ಸುತ್ತ 7 ಮಿಲಿಮೀಟರ್ ಅಗಲದ 39 ವ್ಯಾಸದ ಪಟ್ಟಿ. ಇದೆಲ್ಲವನ್ನೂ ಚಕ್ಕಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಕಡೆಯಬೇಕು. ನಡುವೆ ಬಿಚ್ಚಿ ಮತ್ತೆ ಕಟ್ಟಿದರೆ ಬಳೆಯೂ ಮೈಯೂ ಒಂದೇ ನಡುಗೆರೆಗೆ ಬರುವುದಿಲ್ಲ.

ಅರ್ಧಗೋಳಕ್ಕೆ ವಿಶೇಷ ಸಾಧನ ಬೇಡ, ಮೆಟ್ಟಿಲು ಕಡೆದರೆ ಸಾಕು. ತುದಿಯಿಂದ 1 ಮಿಲಿಮೀಟರ್ ದೂರದಲ್ಲಿ ವ್ಯಾಸ 11.8. 2ರಲ್ಲಿ 16.5. 4ರಲ್ಲಿ 22.6. 6ರಲ್ಲಿ 26.8. 9ರಲ್ಲಿ 31.2. 12ರಲ್ಲಿ 33.9. 18ರಲ್ಲಿ ಪೂರ್ತಿ 36. ಪ್ರತಿ ಮೆಟ್ಟಿಲಿಗೂ 0.2 ಮಿಲಿಮೀಟರ್ ಹೆಚ್ಚು ಬಿಟ್ಟು ಕಡೆಯಿರಿ. ಆಮೇಲೆ ಮೆಟ್ಟಿಲುಗಳಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು, ಸಣ್ಣ ಹಲ್ಲಿನ ಅರದಿಂದ ಉಜ್ಜಿ. ಮೆಟ್ಟಿಲಿನ ಒಳಮೂಲೆಯ ಕಪ್ಪು ಗೆರೆ ಮಾಯವಾಗುವ ಹೊತ್ತಿಗೆ ನಿಲ್ಲಿಸಬೇಕು. ಅರಕ್ಕೆ ಹಿಡಿ ಇರಲೇಬೇಕು. ಹಿಡಿಯಿಲ್ಲದ ಅರ ಚಕ್ಕಿಗೆ ತಗುಲಿದರೆ ಅದರ ಬಾಲ ಅಂಗೈಗೆ ನೆಡುತ್ತದೆ. ಕನ್ನಡಕವೂ ಅಷ್ಟೇ ಮುಖ್ಯ, ಹಿತ್ತಾಳೆಯ ಚೂರು ಸೂಜಿಯ ಹಾಗೆ ಸಿಡಿಯುತ್ತದೆ.

ಪಾಲಿಶ್ ಕಾಗದ 220ರಿಂದ ಶುರುಮಾಡಿ 400, 800, 1200ಕ್ಕೆ ಹೋಗಿ. ಬಳೆಯ ಪಕ್ಕದ ಮೂಲೆಗಳಲ್ಲಿ ಕೈ ತಡೆಯಿರಲಿ. ಆ ಚೂಪು ಮೂಲೆ ಸವೆದರೆ ಇಡೀ ತೋಪು ಸೋಪಿನ ಬಿಲ್ಲೆಯಂತೆ ಕಾಣುತ್ತದೆ. ಕಾಗದವನ್ನು ಬೆರಳಿಗೆ ಸುತ್ತಿಕೊಂಡು ತಿರುಗುವ ಕೆಲಸಕ್ಕೆ ಒತ್ತಬಾರದು. ಪಟ್ಟಿ ಕತ್ತರಿಸಿ ಎರಡು ತುದಿ ಹಿಡಿದು ಎಳೆಯಿರಿ.

ಈಗ ಪಾರ್ಟಿಂಗ್ ಟೂಲಿನಿಂದ ಬೇರ್ಪಡಿಸಿ, ತಿರುಗಿಸಿ ಹಿಡಿಯಿರಿ. ಮೈಗೆ ಗಾಯವಾಗದಂತೆ ಚಕ್ಕಿನ ದವಡೆಗೆ ತಂಪು ಪಾನೀಯದ ಡಬ್ಬಿಯ ತೆಳು ತಗಡು ಕೊಡಿ. ಓರೆಯನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. ಮೂರು ದವಡೆಯ ಚಕ್ ಸರಿಯಾಗಿ ನಡುವಿಗೆ ಹಿಡಿಯದಿದ್ದರೆ ನಾಲ್ಕು ದವಡೆಯದಕ್ಕೆ ಬದಲಿಸಿ. ಇಲ್ಲದಿದ್ದರೆ ಬಾಯಿಯ ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ಬೋರಿಂಗ್ ಟೂಲಿನಿಂದ 24.6 ವ್ಯಾಸ, 12 ಆಳದ ಬಟ್ಟಲು ತೆಗೆಯಿರಿ. ತಳಕ್ಕೆ ಮಂಕು ಕಪ್ಪು ಬಣ್ಣ ಹಚ್ಚಿದರೆ ಆಳ ಹೆಚ್ಚಿದ್ದಂತೆ ತೋರುತ್ತದೆ. ಬತ್ತಿಯ ಕಿಂಡಿ ಇರಬೇಕಾದ ಜಾಗದಲ್ಲಿ ಸೆಂಟರ್ ಪಂಚಿನ ಒಂದು ಚುಕ್ಕೆ ಸಾಕು.

ಟ್ರನಿಯನ್ನನ್ನು ಬೆಸುಗೆ ಹಾಕಬೇಡಿ, ಬಿಳಿ ಗೆರೆ ಎದ್ದು ಕಾಣುತ್ತದೆ. ಲೋಹದ ಗೂಟವನ್ನು ತೂತಿನಲ್ಲಿ ಹಿಡಿದಿಡುವ ಅಂಟಾದ ರಿಟೇನಿಂಗ್ ಕಾಂಪೌಂಡ್ ಹಚ್ಚಿ, ಎರಡೂ ಕಡೆ ಸಮ ಅಳತೆಗೆ ಹೊರಬಿಟ್ಟು, ಒಂದು ದಿನ ಮುಟ್ಟದೆ ಇಡಿ.

ಪೀಠಕ್ಕೆ ಅಸಲಿನಲ್ಲಿ ಓಕ್ ಮರ. ನಮಗೆ ತೇಗಕ್ಕಿಂತ ಬೀಟೆ ಅಥವಾ ಬೊಂಬೆಯ ಆಲೆ ಮರ ಮೇಲು. ತೇಗದ ಎಳೆ ಈ ಅಳತೆಗೆ ಒರಟು. 95 ಉದ್ದ, 60 ಅಗಲ, 38 ಎತ್ತರದ ಒಣಗಿದ ತುಂಡು ತೆಗೆದುಕೊಂಡು, ಅಡ್ಡಕ್ಕೆ 10.2ರ ತೂತು ಕೊರೆದು, ತೂತಿನ ನಡುವಿಗೇ ಗರಗಸ ಹಾಕಿ ಮೇಲ್ಭಾಗ ತೆಗೆದುಬಿಡಿ. ಎರಡು ಅರ್ಧಚಂದ್ರದ ಹಳ್ಳ ತಾವಾಗಿ ಒಂದೇ ಸಾಲಿಗೆ ಸಿಗುತ್ತವೆ. ನಡುವೆ 37 ಅಗಲದ ಗುಳಿ ತೋಡಿದರೆ ತೋಪು 45 ಡಿಗ್ರಿಗೆ ಒರಗುತ್ತದೆ. ಗೂಟದ ಮೇಲೆ ತೆಳು ಪಟ್ಟಿ ಬಗ್ಗಿಸಿ ಸ್ಕ್ರೂ ಹಾಕಿ.

ಹಳೆಯ ಕಂಚಿನ ಬಣ್ಣ ಬರಿಸಲು ಹಿತ್ತಾಳೆಗೆ ಅಮೋನಿಯಾದ ಹೊಗೆ ಕೊಡುವ ಪದ್ಧತಿ ಇದೆ. ಇಲ್ಲಿ ಅದು ಬೇಡ. ಬ್ರಿಟಿಷರ ಕಾಲದಲ್ಲಿ ಮಳೆಗಾಲದ ಉದ್ದಕ್ಕೂ ಕುದುರೆ ಲಾಯದಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಾವಾಗಿಯೇ ಸೀಳಿದ್ದು ಇದೇ ಭಾರತದಲ್ಲಿ. ಕುದುರೆ ಮೂತ್ರದ ಅಮೋನಿಯಾ, ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ, ಇವೆರಡೂ ಸೇರಿ ಲೋಹ ಒಡೆಯಿತೆಂಬ ವಿವರಣೆ 1921ರಲ್ಲಿ ಬಂತು. ನಮ್ಮ ಸರಳೂ ತಣ್ಣಗೆ ಎಳೆದದ್ದೇ ಆಗಿರುತ್ತದೆ. ಬರಿಗೈ ತಾಗಿಸದೆ ತೆಳುವಾಗಿ ಜೇನುಮೇಣ ಒರೆಸಿ ಇಟ್ಟರೆ, ವರ್ಷ ಕಳೆದ ಹಾಗೆ ಹಿತ್ತಾಳೆ ತಾನೇ ಕಂದಿ ಬಣ್ಣ ತಾಳುತ್ತದೆ.